ಅಪ್-ಡೌನ್ ಮಾಡುವವರ ದಾರಿ ಹಿಡಿದು ನಗರ ಪ್ರದೇಶದ ಗಡಿ ಗುರುತಿಸುವುದು: ಬೆಳಗಾವಿ ಸೀಮೆಗೊಂದು ಮಾರ್ಗದರ್ಶಿ

ಬೆಳಗಾವಿ ನಗರ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿದರೆ ಕಚೇರಿಗೊಂದು ಉತ್ತರ ಸಿಗುತ್ತದೆ. ಮಹಾನಗರ ಪಾಲಿಕೆಯ ಎಲ್ಲೆ ಒಂದು, ದಂಡು ಪ್ರದೇಶದ ಎಲ್ಲೆ ಇನ್ನೊಂದು, ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶ ಮತ್ತೊಂದು, ಜನಗಣತಿಯವರ ನಗರ ಸಮುಚ್ಚಯ (ನಗರ ಮತ್ತು ಅದಕ್ಕೆ ಅಂಟಿಕೊಂಡು ಬೆಳೆದ ಊರುಗಳು) ಮಗದೊಂದು. 2011ರ ಜನಗಣತಿಯಂತೆ ಪಾಲಿಕೆಯೊಳಗೆ ಸುಮಾರು 4.9 ಲಕ್ಷ ಜನರಿದ್ದರೆ ನಗರ ಸಮುಚ್ಚಯದಲ್ಲಿ ಸುಮಾರು 6.1 ಲಕ್ಷ ಜನರಿದ್ದರು. ಈ ನಾಲ್ಕೂ ಎಲ್ಲೆಗಳು ಕಟ್ಟಡಗಳನ್ನು, ಸರ್ವೆ ನಂಬರುಗಳನ್ನು, ಆಡಳಿತದ ಅನುಕೂಲವನ್ನು ನೋಡಿ ಎಳೆದವುಗಳೇ ಹೊರತು, ಖಾನಾಪುರ, ಸುಳೇಭಾವಿ, ಬೈಲಹೊಂಗಲ, ಕಿತ್ತೂರುಗಳ ಕಡೆಯಿಂದ ದಿನಾ ಬಂದು ದುಡಿದು ಸಂಜೆ ಮನೆಗೆ ಮರಳುವವರನ್ನು ನೋಡಿ ಎಳೆದವುಗಳಲ್ಲ. ನಮ್ಮ ಕಡೆ ಇದನ್ನು ‘ಅಪ್-ಡೌನ್ ಮಾಡುವುದು’ ಎನ್ನುತ್ತಾರೆ. ಈ ಅಪ್-ಡೌನ್ ಎಲ್ಲಿಯವರೆಗೆ ದಟ್ಟವಾಗಿದೆಯೋ ಅಲ್ಲಿಯವರೆಗೆ ನಗರದ ನಿಜವಾದ ಪ್ರದೇಶ ಹಬ್ಬಿದೆ ಎಂಬ ತತ್ವದ ಮೇಲೆ ಗಡಿ ಗುರುತಿಸುವ ಕ್ರಮವನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ವಿವರಿಸಿದ್ದೇನೆ. ಭೂಗೋಳ, ಅರ್ಥಶಾಸ್ತ್ರ ಮತ್ತು ನಗರ ಯೋಜನೆಯ ವಿದ್ಯಾರ್ಥಿಗಳು, ಗ್ರಾಮ ಪಂಚಾಯಿತಿ ಸದಸ್ಯರು, ರೈಲು ಬಳಕೆದಾರರ ಸಂಘದವರು ಇದನ್ನು ತಾವೇ ಮಾಡಿ ನೋಡಬಹುದು. ಇದೇ ಕ್ರಮವನ್ನು ನೆರೆಯ ಬಾಗಲಕೋಟೆ, ವಿಜಯಪುರಗಳಿಗೂ ಹೊಂದಿಸಿಕೊಳ್ಳಬಹುದು.

ಹೆಜ್ಜೆ 1: ಯಾವ ಬಗೆಯ ಗಡಿ ಬೇಕು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ

ಕಾನೂನಿನ ಗಡಿ ಬೇರೆ, ಅಂಕಿಅಂಶದ ಗಡಿ ಬೇರೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 243ಪಿ ವಿಧಿಯಂತೆ, 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ, ಒಂದು ಅಥವಾ ಹೆಚ್ಚು ಜಿಲ್ಲೆಗಳಲ್ಲಿ ಹರಡಿದ, ಎರಡು ಅಥವಾ ಹೆಚ್ಚು ಪುರಸಭೆಗಳನ್ನೋ ಪಂಚಾಯಿತಿಗಳನ್ನೋ ಅಕ್ಕಪಕ್ಕದ ಪ್ರದೇಶಗಳನ್ನೋ ಒಳಗೊಂಡ ಭಾಗವನ್ನು ರಾಜ್ಯಪಾಲರು ಅಧಿಸೂಚನೆಯ ಮೂಲಕ ಮಹಾನಗರ ಪ್ರದೇಶವೆಂದು ಗೊತ್ತುಪಡಿಸಬಹುದು. ಅಂಥ ಪ್ರದೇಶಕ್ಕೆ ಮಹಾನಗರ ಯೋಜನಾ ಸಮಿತಿ ಇರಬೇಕೆಂದು 243ಝಡ್‌ಇ ವಿಧಿ ಹೇಳುತ್ತದೆ. ಈ ವ್ಯಾಖ್ಯೆಯಲ್ಲಿ ಜನಸಂಖ್ಯೆಯ ಮಾತಿದೆ, ನಿತ್ಯ ಓಡಾಟದ ಮಾತಿಲ್ಲ.

ನಾವು ಇಲ್ಲಿ ಎಳೆಯಲು ಹೊರಟಿರುವುದು ಅಂಕಿಅಂಶದ ಗಡಿಯನ್ನು. ಇದರಿಂದ ಯಾವ ಹಳ್ಳಿಯೂ ಪಾಲಿಕೆಗೆ ಸೇರುವುದಿಲ್ಲ, ಯಾರ ಕರವೂ ಏರುವುದಿಲ್ಲ. ಈ ಮಾತನ್ನು ಹಳ್ಳಿಗಳಿಗೆ ಹೋದಾಗ ಮೊದಲೇ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಪಾಲಿಕೆಗೆ ಸೇರಿಸುತ್ತಾರೆಂಬ ಆತಂಕವಿರುವ ಕಡೆ ಜನರು ಕೊಡುವ ಉತ್ತರವೇ ಬದಲಾಗುತ್ತದೆ. ಇನ್ನೊಂದು ಎಚ್ಚರಿಕೆಯೂ ಅಗತ್ಯ. 10 ಲಕ್ಷದ ಸಂಖ್ಯೆಯನ್ನು ಮುಟ್ಟಿಸಬೇಕೆಂಬ ಗುರಿ ಇಟ್ಟುಕೊಂಡು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿದರೆ ಎಷ್ಟು ಹಳ್ಳಿಗಳನ್ನು ಬೇಕಾದರೂ ಒಳಗೆ ಎಳೆದುಕೊಳ್ಳಬಹುದು. ಹಾಗೆ ಎಳೆದ ಗಡಿ ಬಸ್ಸಿನ ವೇಳಾಪಟ್ಟಿಗಾಗಲಿ, ರೈಲಿನ ಬೇಡಿಕೆಗಾಗಲಿ, ಕುಡಿಯುವ ನೀರಿನ ಯೋಜನೆಗಾಗಲಿ ಉಪಯೋಗಕ್ಕೆ ಬರುವುದಿಲ್ಲ.

ಹೆಜ್ಜೆ 2: ಅಳತೆಯ ಘಟಕವಾಗಿ ಗ್ರಾಮ ಪಂಚಾಯಿತಿಯನ್ನು ಆರಿಸಿಕೊಳ್ಳಿ

ಅಮೆರಿಕದಲ್ಲಿ ಈ ಲೆಕ್ಕವನ್ನು ಕೌಂಟಿಗಳ (ನಮ್ಮ ಜಿಲ್ಲೆ, ತಾಲ್ಲೂಕುಗಳಂಥ ಆಡಳಿತ ಘಟಕಗಳ) ಮೇಲೆ ಮಾಡುತ್ತಾರೆ. ಅದನ್ನು ನೋಡಿ ನಾವೂ ತಾಲ್ಲೂಕನ್ನು ಘಟಕವಾಗಿ ಹಿಡಿದರೆ ಚಿತ್ರ ಪೂರ್ತಿ ಕೆಡುತ್ತದೆ. ಖಾನಾಪುರ ತಾಲ್ಲೂಕನ್ನೇ ನೋಡಿ. ಅದರ ಪೂರ್ವದ ಅಂಚಿನಲ್ಲಿ ರೈಲು ಹಳಿ ಮತ್ತು ಹೆದ್ದಾರಿಗಳ ಬದಿಯ ಹಳ್ಳಿಗಳು ಬೆಳಗಾವಿಯ ಕಾರ್ಖಾನೆಗಳಿಗೆ ಆಳುಗಳನ್ನು ಕಳಿಸುತ್ತವೆ, ಪಶ್ಚಿಮದಲ್ಲಿ ಜಾಂಬೋಟಿ, ಕಣಕುಂಬಿ, ಭೀಮಗಡಗಳ ದಟ್ಟ ಕಾಡಿದೆ. ತಾಲ್ಲೂಕಿನ ಸರಾಸರಿ ತೆಗೆದರೆ ಒಂದೋ ಕಾಡೂ ನಗರವಾಗುತ್ತದೆ, ಇಲ್ಲವೇ ನಗರಕ್ಕೆ ಅಂಟಿಕೊಂಡಿರುವ ಹಳ್ಳಿಗಳೂ ಕಾಡಿನ ಜೊತೆಗೆ ಹೊರಗುಳಿಯುತ್ತವೆ.

ಗ್ರಾಮ ಪಂಚಾಯಿತಿಯಾದರೆ ಅಳತೆಗೆ ಸಾಕಷ್ಟು ಚಿಕ್ಕದು, ಅಂಕಿ ಸಿಗುವಷ್ಟು ದೊಡ್ಡದು. ಪಟ್ಟಣಗಳಲ್ಲಿ ಪುರಸಭೆ, ಪಟ್ಟಣ ಪಂಚಾಯಿತಿ, ನಗರಸಭೆಗಳನ್ನು ಒಂದೊಂದು ಘಟಕವಾಗಿ ಹಿಡಿಯಿರಿ. ಪ್ರತಿ ಘಟಕಕ್ಕೂ ಕೇಂದ್ರ ಸರ್ಕಾರದ ಸ್ಥಳೀಯ ಸಂಸ್ಥೆಗಳ ಡೈರೆಕ್ಟರಿಯಲ್ಲಿ ಒಂದು ಸಂಕೇತ ಸಂಖ್ಯೆ ಇರುತ್ತದೆ, ಜನಗಣತಿಯಲ್ಲಿ ಹಳ್ಳಿಗೊಂದು ಸಂಕೇತ ಇರುತ್ತದೆ. ಎರಡನ್ನೂ ಹೊಂದಿಸಿದ ಪಟ್ಟಿಯನ್ನು ಮೊದಲೇ ಮಾಡಿಕೊಳ್ಳದಿದ್ದರೆ ಮುಂದೆ ಒಂದೇ ಹೆಸರಿನ ಹಳ್ಳಿಗಳು ಒಂದರೊಳಗೊಂದು ಸೇರಿಕೊಂಡು ಗೊಂದಲವಾಗುತ್ತದೆ. ಹೊಸಟ್ಟಿ, ಹೊಸೂರುಗಳು ನಮ್ಮ ಜಿಲ್ಲೆಗಳಲ್ಲಿ ಒಂದೆರಡಲ್ಲ.

ಹೆಜ್ಜೆ 3: ತಿರುಳನ್ನು ಗುರುತಿಸಿ

ತಿರುಳು ಎಂದರೆ ಸುತ್ತಲಿನವರು ದುಡಿಯಲು ಹೋಗುವ ಕೇಂದ್ರ. ಯುರೋಪಿಯನ್ ಒಕ್ಕೂಟ ಮತ್ತು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಒಟ್ಟಾಗಿ ಒಪ್ಪಿರುವ ಕ್ರಮದಲ್ಲಿ, ಚದರ ಕಿ.ಮೀ.ಗೆ ಕನಿಷ್ಠ 1,500 ಜನರಿರುವ ನಕ್ಷೆಯ ಮೇಲಿನ ಒಂದಕ್ಕೊಂದು ತಾಗಿದ ಒಂದು ಚದರ ಕಿ.ಮೀ. ಚೌಕಗಳು ಸೇರಿ 50,000 ಜನಸಂಖ್ಯೆಯಾದರೆ ಅದು ನಗರ ಕೇಂದ್ರವಾಗುತ್ತದೆ. ಈ ಮಾನದಂಡಕ್ಕೆ ಬೆಳಗಾವಿ, ವಿಜಯಪುರ, ಬಾಗಲಕೋಟೆಗಳು ಪರೀಕ್ಷೆಗೆ ಯೋಗ್ಯವಾದವು.

ಆದರೆ ತಿರುಳನ್ನು ಪಾಲಿಕೆಯ ಎಲ್ಲೆಗೆ ಸೀಮಿತಗೊಳಿಸಬಾರದು. ಬೆಳಗಾವಿಯ ಎರಕದ ಕಾರ್ಖಾನೆಗಳು ಉದ್ಯಮಬಾಗದಲ್ಲಿ ಮಾತ್ರವಲ್ಲ, ಮಚ್ಛೆ, ಹೊನಗಾಗಳಲ್ಲೂ ಇವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಮಚ್ಛೆಯ ಬಳಿ ಇದೆ, ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಭೂತರಾಮನಹಟ್ಟಿಯಲ್ಲಿದೆ, 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಹಲಗಾ ಬಸ್ತವಾಡದ ಕಡೆ ಇದೆ, ವಿಮಾನ ನಿಲ್ದಾಣ ಸಾಂಬ್ರಾದಲ್ಲಿದೆ. ಇವೆಲ್ಲವನ್ನೂ ಒಳಗೊಂಡ ಉದ್ಯೋಗದ ನೆಲೆಯೇ ತಿರುಳು. ಇಷ್ಟನ್ನು ಸೇರಿಸದಿದ್ದರೆ, ಪಾಲಿಕೆಯೊಳಗಿನಿಂದ ಮಚ್ಛೆಗೆ ದುಡಿಯಲು ಹೋಗುವವನು ಲೆಕ್ಕದಲ್ಲಿ ನಗರ ಬಿಟ್ಟು ಹೋದಂತೆ ಕಾಣುತ್ತಾನೆ. ಇನ್ನೂ ಉತ್ತರಕ್ಕೆ ಹತ್ತರಗಿಯ ಬಳಿ ವಿಮಾನದ ಬಿಡಿಭಾಗ ತಯಾರಿಸುವ ವಿಶೇಷ ಆರ್ಥಿಕ ವಲಯವಿದೆ. ಅದನ್ನು ತಿರುಳಿಗೆ ಸೇರಿಸದೆ ಪ್ರತ್ಯೇಕ ಉದ್ಯೋಗ ಸ್ಥಳವೆಂದು ಗುರುತಿಸಿ, ಅಲ್ಲಿಗೆ ಬೆಳಗಾವಿಯಿಂದಲೇ ಎಷ್ಟು ಜನ ಹೋಗುತ್ತಾರೆಂದು ನೋಡುವುದು ಸರಿಯಾದ ಕ್ರಮ.

ಹೆಜ್ಜೆ 4: ಓಡಾಟದ ಮಾಹಿತಿಯನ್ನು ನಾಲ್ಕು ಕಡೆಯಿಂದ ಕೂಡಿಸಿ

ಇದೇ ಕೆಲಸದ ಬಹುಪಾಲು, ಮತ್ತು ಬಹಳಷ್ಟು ಜನ ಅವಸರದಲ್ಲಿ ದಾಟಿಹೋಗುವ ಭಾಗ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ಜನ ದುಡಿಯಲು ಹೋಗುತ್ತಾರೆ ಎಂಬ ಸಿದ್ಧ ಪಟ್ಟಿ ನಮ್ಮ ದೇಶದಲ್ಲಿ ಸಿಗುವುದಿಲ್ಲ. ಮೊದಲನೆಯ ಆಕರ ಜನಗಣತಿ. 2011ರ ಜನಗಣತಿ ಮನೆಯಿಂದ ಕೆಲಸದ ಸ್ಥಳಕ್ಕೆ ಇರುವ ದೂರವನ್ನೂ ಹೋಗುವ ಸಾಧನವನ್ನೂ ಕೇಳಿತು, ಅದರ ಫಲವನ್ನು ಬಿ-28 ಕೋಷ್ಟಕದಲ್ಲಿ ಪ್ರಕಟಿಸಿತು. ಆದರೆ ಯಾವ ಊರಿಗೆ ಹೋಗುತ್ತೀರಿ ಎಂಬುದು ಆ ಕೋಷ್ಟಕದಲ್ಲಿಲ್ಲ. ಮೇಲಾಗಿ ಅದು ಒಕ್ಕಲುತನ, ಕೃಷಿ ಕೂಲಿ, ಮನೆ ಕೈಗಾರಿಕೆಗಳನ್ನು ಬಿಟ್ಟ ‘ಇತರ ಕೆಲಸಗಾರ’ರಿಗೆ ಮಾತ್ರ ಸಂಬಂಧಿಸಿದ್ದು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೆ ಹೋದುದರಿಂದ ಆ ಅಂಕಿಗಳೂ ಹಳೆಯವಾಗಿವೆ. ಜಿಲ್ಲೆಯಲ್ಲಿ ಒಟ್ಟಾರೆ ಎಷ್ಟು ಮಂದಿ 11ರಿಂದ 20, 21ರಿಂದ 30, 31ರಿಂದ 50 ಕಿ.ಮೀ. ದೂರ ಹೋಗುತ್ತಾರೆ, ಅವರಲ್ಲಿ ರೈಲು ಬಸ್ಸುಗಳ ಪಾಲೆಷ್ಟು ಎಂಬ ಅಂದಾಜಿಗೆ ಅದನ್ನು ಬಳಸಿ, ಅಷ್ಟಕ್ಕೇ ಬಿಡಿ.

ಎರಡನೆಯ ಆಕರ ಬಸ್ಸಿನ ಟಿಕೆಟ್ಟು. ನಿರ್ವಾಹಕರ ಕೈಯಲ್ಲಿರುವ ಟಿಕೆಟ್ ಯಂತ್ರ ಪ್ರಯಾಣಿಕ ಹತ್ತಿದ ಹಂತವನ್ನೂ ಇಳಿಯಬೇಕಾದ ಹಂತವನ್ನೂ ದಾಖಲಿಸುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಕೊಡುವ ಶೂನ್ಯ ಟಿಕೆಟ್ಟಿನಲ್ಲೂ ಈ ವಿವರ ಇರುತ್ತದೆ. ಮನೆಗೆಲಸಕ್ಕೆ, ಆಸ್ಪತ್ರೆಯ ಆಯಾ ಕೆಲಸಕ್ಕೆ, ಬಟ್ಟೆ ಅಂಗಡಿಗೆ ಹೋಗುವ ಹೆಣ್ಣುಮಕ್ಕಳ ಓಡಾಟ ಇಷ್ಟು ವಿವರವಾಗಿ ಈ ಹಿಂದೆ ಎಲ್ಲೂ ದಾಖಲಾಗುತ್ತಿರಲಿಲ್ಲ. ಅದು ನನಗೆ ಬಹಳ ಮುಖ್ಯವೆನಿಸುತ್ತದೆ. ಮಾಸಿಕ ಪಾಸು ಮತ್ತು ವಿದ್ಯಾರ್ಥಿ ಪಾಸುಗಳ ಅಂಕಿ ಇನ್ನೂ ಗಟ್ಟಿ ಸಾಕ್ಷಿ, ಏಕೆಂದರೆ ಪಾಸು ಮಾಡಿಸುವವರು ನಿತ್ಯ ಓಡಾಡುವವರೇ.

ಈ ಅಂಕಿಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳೊಳಗೆ ಇರಬೇಕು. ವ್ಯಕ್ತಿಗಳ ಹೆಸರು ಕೇಳಬೇಡಿ, ಹಂತದಿಂದ ಹಂತಕ್ಕೆ ಒಂದು ಸಾಮಾನ್ಯ ವಾರದ ಟಿಕೆಟ್ ಸಂಖ್ಯೆಯನ್ನು ಗಂಟೆವಾರು ಕೇಳಿ. ಬೆಳಗಾವಿ ಮತ್ತು ಬಾಗಲಕೋಟೆಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೂ, ವಿಜಯಪುರಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೂ ಅರ್ಜಿ ಹಾಕಬೇಕು. ಕೃಷ್ಣಾ ನದಿಯ ಆಚೆ ಈಚೆ ಓಡಾಡುವವರ ಲೆಕ್ಕ ಎರಡು ಸಂಸ್ಥೆಗಳಲ್ಲಿ ಹಂಚಿಹೋಗಿರುತ್ತದೆ ಎಂಬುದನ್ನು ಮರೆಯಬಾರದು.

ಟಿಕೆಟ್ಟಿನ ಮಿತಿಯೂ ಗೊತ್ತಿರಲಿ. ಸಂತೆಗೆ, ಆಸ್ಪತ್ರೆಗೆ, ಕೋರ್ಟಿಗೆ, ಮದುವೆಗೆ ಹೊರಟವರೂ ಅದೇ ಬಸ್ಸಿನಲ್ಲಿರುತ್ತಾರೆ. ಆದ್ದರಿಂದ ಬೆಳಿಗ್ಗೆ 6.30ರಿಂದ 10ರವರೆಗೆ ನಗರದ ಕಡೆಗೆ, ಸಂಜೆ 4.30ರಿಂದ 8.30ರವರೆಗೆ ಊರಿನ ಕಡೆಗೆ ಕೊಟ್ಟ ಟಿಕೆಟ್ಟುಗಳನ್ನು ಮಾತ್ರ ತೆಗೆದುಕೊಳ್ಳಿ, ಸಂತೆಯ ದಿನವನ್ನೂ ಜಾತ್ರೆಯ ವಾರವನ್ನೂ ಬಿಡಿ, ಭಾನುವಾರದ ಸಂಖ್ಯೆಯೊಂದಿಗೆ ವಾರದ ಮಧ್ಯದ ಸಂಖ್ಯೆಯನ್ನು ಹೋಲಿಸಿ. ಭಾನುವಾರ ಬಹುಪಾಲು ಇಳಿದುಹೋಗುವ ಸಂಖ್ಯೆ ದುಡಿಮೆಯ ಮತ್ತು ಓದಿನ ಓಡಾಟ.

ಮೂರನೆಯ ಆಕರ ರೈಲ್ವೆಯ ಮಾಸಿಕ ಸೀಸನ್ ಟಿಕೆಟ್. 150 ಕಿ.ಮೀ.ವರೆಗೆ ಇದು ಸಿಗುತ್ತದೆ. ನಿಲ್ದಾಣದಿಂದ ನಿಲ್ದಾಣಕ್ಕೆ ಎಷ್ಟು ಸೀಸನ್ ಟಿಕೆಟ್ ಮಾರಾಟವಾಗಿವೆ ಎಂಬುದನ್ನು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದಿಂದ ಕೇಳಿ ಪಡೆಯಬಹುದು. ಬಾಗಲಕೋಟೆ, ವಿಜಯಪುರಗಳನ್ನು ಹಾದುಹೋಗುವ ಗದಗ ಹೋಟಗಿ ಮಾರ್ಗದ ಉತ್ತರ ತುದಿ ಸೋಲಾಪುರದ ಕಡೆಗೆ ಬೇರೆ ವಲಯದ ಸರಹದ್ದಿಗೆ ತಾಗುವುದರಿಂದ ಅಲ್ಲಿಗೆ ಪ್ರತ್ಯೇಕ ಅರ್ಜಿ ಬೇಕು.

ನಾಲ್ಕನೆಯದು, ಯಾವ ಟಿಕೆಟ್ಟಿನಲ್ಲೂ ಸಿಗದ ಬೈಕಿನವರು. ಇಂದು 15-20 ಕಿ.ಮೀ.ಯೊಳಗಿನ ಓಡಾಟದಲ್ಲಿ ದ್ವಿಚಕ್ರ ವಾಹನದ ಪಾಲನ್ನು ಕಡೆಗಣಿಸಿದರೆ ಲೆಕ್ಕ ಅರ್ಧಕ್ಕರ್ಧ ಸುಳ್ಳಾದೀತು. ಇದಕ್ಕೆ ಮನೆ ಸಮೀಕ್ಷೆಯೇ ದಾರಿ. ಪ್ರಶ್ನೆಗಳು ಐದು ಇದ್ದರೆ ಸಾಕು: ಕಳೆದ ವಾರ ಹೆಚ್ಚಿನ ದಿನ ಯಾವ ಊರಲ್ಲಿ ಕೆಲಸ ಮಾಡಿದಿರಿ, ಎಷ್ಟು ದಿನ ಹೋದಿರಿ, ಯಾವ ಸಾಧನದಲ್ಲಿ ಹೋದಿರಿ, ಮನೆ ಬಿಟ್ಟದ್ದು ಎಷ್ಟಕ್ಕೆ ಮತ್ತು ತಲುಪಿದ್ದು ಎಷ್ಟಕ್ಕೆ, ಕಬ್ಬು ನುರಿಸುವ ಕಾಲದಲ್ಲಿ ಇದೇ ಊರಿಗೆ ಹೋಗುತ್ತೀರಾ ಅಥವಾ ಬೇರೆಡೆಗಾ. ಕೊನೆಯ ಪ್ರಶ್ನೆ ಬೇರೆ ಸೀಮೆಯ ಕೈಪಿಡಿಗಳಲ್ಲಿ ಇರಲಾರದು, ನಮಗೆ ಅದು ಬೇಕೇ ಬೇಕು. ಸಕ್ಕರೆ ಕಾರ್ಖಾನೆಗಳು ಸಾಮಾನ್ಯವಾಗಿ ಅಕ್ಟೋಬರ್, ನವೆಂಬರಿನಲ್ಲಿ ನುರಿಸಲು ತೊಡಗಿ ಬೇಸಿಗೆಯ ಹೊತ್ತಿಗೆ ನಿಲ್ಲಿಸುತ್ತವೆ. ಮುಧೋಳ, ಜಮಖಂಡಿ, ರಾಯಬಾಗ, ಅಥಣಿ ಸೀಮೆಗಳಲ್ಲಿ ಆ ತಿಂಗಳುಗಳ ಓಡಾಟವೇ ಬೇರೆ. ಜನವರಿಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಕೇಳಿ, ಎರಡರಲ್ಲೂ ಹೊಸ್ತಿಲು (ಒಳಗೆ ಸೇರಲು ಬೇಕಾದ ಕನಿಷ್ಠ ಶೇಕಡಾ ಪ್ರಮಾಣ, ಹೆಜ್ಜೆ 5 ನೋಡಿ) ದಾಟಿದ ಪಂಚಾಯಿತಿಯನ್ನು ಮಾತ್ರ ಖಚಿತವೆಂದು ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ.

ಯಾರನ್ನು ಎಣಿಸಬೇಕು ಎಂಬುದಕ್ಕೂ ಒಂದು ನಿಯಮ ಬೇಕು. ಕಾಯಿಪಲ್ಲೆ ಬುಟ್ಟಿ ಹೊತ್ತು ವಾರದಲ್ಲಿ ನಾಲ್ಕು ದಿನವಾದರೂ ಬೆಳಗಾವಿಗೆ ಬರುವ ಸುತ್ತಲಿನ ಹಳ್ಳಿಯ ಹೆಣ್ಣುಮಗಳು ನಗರದಲ್ಲಿ ದುಡಿಯುವವಳೇ, ಅವಳನ್ನು ಎಣಿಸಬೇಕು. ಮನೆಯಲ್ಲೇ ಮಗ್ಗ ಹಾಕಿಕೊಂಡು ನಗರದ ವ್ಯಾಪಾರಿಗೆ ನೇಯ್ದು ಕೊಡುವವರ ಸಂಬಂಧ ಎಷ್ಟೇ ಗಾಢವಾಗಿದ್ದರೂ ಅದು ಓಡಾಟವಲ್ಲ, ಅದನ್ನು ಬೇರೆ ಪಟ್ಟಿಯಲ್ಲಿ ಬರೆದಿಡಿ. ಕಬ್ಬು ಕಡಿಯಲು ಬಂದು ಗುಡಿಸಲು ಹಾಕಿಕೊಂಡ ತಂಡಗಳು ವಲಸೆಯ ಲೆಕ್ಕಕ್ಕೆ ಸೇರುತ್ತವೆ. ವಿದ್ಯಾರ್ಥಿಗಳನ್ನು ದುಡಿಯುವವರೊಂದಿಗೆ ಕೂಡಿಸದೆ ಪಕ್ಕದ ಕಾಲಮಿನಲ್ಲಿ ಇಡಿ.

ಹೆಜ್ಜೆ 5: ಹೊಸ್ತಿಲನ್ನು ನಿಗದಿಮಾಡಿ ಲೆಕ್ಕ ಹಾಕಿ

ಪಂಚಾಯಿತಿಯ ದುಡಿಯುವವರಲ್ಲಿ ಶೇಕಡಾ ಎಷ್ಟು ಜನ ತಿರುಳಿಗೆ ಹೋದರೆ ಅದನ್ನು ಒಳಗೆ ಸೇರಿಸಬೇಕು? ದೇಶಕ್ಕೊಂದು ಉತ್ತರವಿದೆ. ಅಮೆರಿಕ ಶೇ 25 ಎನ್ನುತ್ತದೆ, ಮತ್ತು ತಿರುಳಿನಿಂದ ಹೊರಗಿನ ಕೌಂಟಿಗೆ ದುಡಿಯಲು ಹೋಗುವವರು ಅಲ್ಲಿನ ಉದ್ಯೋಗದ ಶೇ 25 ಆದರೂ ಸೇರಿಸುತ್ತದೆ. ಯುರೋಪಿಯನ್ ಒಕ್ಕೂಟ ಮತ್ತು ಒಇಸಿಡಿ ಕ್ರಮದಲ್ಲಿ ಅದು ಶೇ 15. ಕೆನಡಾ ತಿರುಳಿಗೆ ಹೋಗುವವರು ಶೇ 50 ಇರಬೇಕೆನ್ನುತ್ತದೆ, ತಿರುಳಿನಿಂದ ಬರುವವರಿಗೆ ಶೇ 25. ಜಪಾನಿನ ಸಂಶೋಧಕರು ರೂಪಿಸಿದ ನಗರ ಉದ್ಯೋಗ ವಲಯದ ಕ್ರಮದಲ್ಲಿ ಶೇ 10. ಬೆಳಗಾವಿಗೆ ಶೇ 15ರಿಂದ ಆರಂಭಿಸಿ, ಶೇ 10 ಮತ್ತು ಶೇ 25ರಲ್ಲಿ ಗಡಿ ಹೇಗೆ ಹಿಗ್ಗಿ ಕುಗ್ಗುತ್ತದೆ ಎಂಬುದನ್ನೂ ಅದೇ ನಕ್ಷೆಯಲ್ಲಿ ತೋರಿಸುವುದು ಪ್ರಾಮಾಣಿಕ ಕ್ರಮ.

ಆದರೆ ಹೊಸ್ತಿಲಿಗಿಂತ ಹೆಚ್ಚು ಪರಿಣಾಮ ಬೀರುವುದು ಛೇದ, ಅಂದರೆ ಶೇಕಡಾ ತೆಗೆಯುವಾಗ ಯಾರನ್ನು ಒಟ್ಟು ಎಂದು ಹಿಡಿಯುತ್ತೇವೆ ಎಂಬುದು. ಒಂದು ಕಲ್ಪಿತ ಪಂಚಾಯಿತಿಯಲ್ಲಿ 1,800 ಜನ ದುಡಿಯುವವರಿದ್ದು, ಅವರಲ್ಲಿ 900 ಜನ ಹೊಲದಲ್ಲಿ, 420 ಜನ ತಿರುಳಿನಲ್ಲಿ, ಉಳಿದವರು ಊರಲ್ಲೋ ಬೇರೆಡೆಯೋ ದುಡಿಯುತ್ತಾರೆ ಎನ್ನೋಣ. ಎಲ್ಲ ದುಡಿಯುವವರನ್ನು ಛೇದವಾಗಿ ಹಿಡಿದರೆ ತಿರುಳಿನ ಪಾಲು ಶೇ 23.3. ಕೃಷಿಯೇತರ ದುಡಿಮೆಯವರನ್ನು ಮಾತ್ರ ಹಿಡಿದರೆ ಅದೇ 420 ಜನ ಶೇ 46.7 ಆಗುತ್ತಾರೆ. ಯುರೋಪಿನಲ್ಲಿ ಒಕ್ಕಲುತನದವರ ಪಾಲು ಅತಿ ಕಡಿಮೆ ಇರುವುದರಿಂದ ಅಲ್ಲಿ ಈ ಎರಡರ ನಡುವೆ ಹೆಚ್ಚು ಅಂತರವಿಲ್ಲ, ನಮ್ಮಲ್ಲಿ ಅದು ದುಪ್ಪಟ್ಟು. ನಾನು ಎಲ್ಲ ದುಡಿಯುವವರನ್ನೂ ಛೇದವಾಗಿ ಹಿಡಿಯುವ ಪರ. ಹೊಲದಲ್ಲಿ ದುಡಿಯುವವರು ಆ ಊರಿನ ಅರ್ಧ ಬದುಕು, ಅವರನ್ನು ಬಿಟ್ಟು ಆ ಊರು ನಗರಕ್ಕೆ ಸೇರಿದ್ದೆಂದು ಹೇಳುವುದು ಸರಿಯಲ್ಲ. ಎರಡನೆಯ ಅಂಕಿಯನ್ನು ಬಸ್ಸು ರೈಲಿನ ಯೋಜನೆಗೆ ಬಳಸಬಹುದು.

ಸಮೀಕ್ಷೆಯ ಗಾತ್ರದ ಬಗ್ಗೆಯೂ ಒಂದು ಲೆಕ್ಕ ತಿಳಿದಿರಲಿ. ಒಂದು ಪಂಚಾಯಿತಿಯಲ್ಲಿ 200 ದುಡಿಯುವವರನ್ನು ಮಾತನಾಡಿಸಿ ಶೇ 15 ಎಂಬ ಉತ್ತರ ಬಂದರೆ, ನಿಜವಾದ ಪ್ರಮಾಣ ಸುಮಾರು 10ರಿಂದ 20ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 800 ಜನರನ್ನು ಮಾತನಾಡಿಸಿದರೆ ಆ ಅಂತರ ಅರ್ಧಕ್ಕೆ ಇಳಿಯುತ್ತದೆ. ಎಲ್ಲ ಕಡೆ ಇಷ್ಟು ದೊಡ್ಡ ಸಮೀಕ್ಷೆ ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ಹಿಂಡಲಗಾ, ಕಾಕತಿಗಳಂಥ ನಗರಕ್ಕೆ ಅಂಟಿದ ಊರುಗಳಲ್ಲಿ ಉತ್ತರ ಮೊದಲೇ ಸ್ಪಷ್ಟವಿರುತ್ತದೆ, ಕಾಡಿನ ಕಣಕುಂಬಿ ಹೊರಗೆ ಎಂಬುದೂ ಅಷ್ಟೇ ಸ್ಪಷ್ಟ. ನಡುವಿನ ಅನುಮಾನದ ಪಟ್ಟಿಯಲ್ಲಿರುವ ಪಂಚಾಯಿತಿಗಳಲ್ಲಿ ಸಮೀಕ್ಷೆಯ ಶ್ರಮವನ್ನೆಲ್ಲ ಹಾಕಿ.

ಹೆಜ್ಜೆ 6: ರೈಲನ್ನು ಸಾಕ್ಷಿಯಾಗಿ ಬಳಸಿ, ಗಡಿಯ ಗೆರೆಯಾಗಿ ಬಳಸಬೇಡಿ

ಈ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಹಳಿ ಹಾದುಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ಊರುಗಳನ್ನು ನಗರ ಪ್ರದೇಶಕ್ಕೆ ಸೇರಿಸುವುದು, ಆಮೇಲೆ ನಗರ ಪ್ರದೇಶ ಇಷ್ಟು ದೊಡ್ಡದಿದೆ ಎಂದು ಹೇಳಿ ಅದೇ ಹಳಿಯ ಮೇಲೆ ಹೆಚ್ಚು ರೈಲು ಕೇಳುವುದು ಸುತ್ತುವಾದ. ರೈಲ್ವೆಯ ಅಧಿಕಾರಿಗಳು ಅದನ್ನು ಒಂದೇ ನೋಟದಲ್ಲಿ ಪತ್ತೆಹಚ್ಚುತ್ತಾರೆ. ಮೊದಲು ಓಡಾಟವನ್ನು ಅಳೆಯಿರಿ, ರೈಲು ಅದರಲ್ಲಿ ಎಷ್ಟನ್ನು ಹೊರುತ್ತಿದೆ, ಎಷ್ಟನ್ನು ಹೊರಬಲ್ಲದು ಎಂಬುದನ್ನು ಆಮೇಲೆ ನೋಡಿ.

ಬೆಳಗಾವಿಯ ಹಳಿ ದಕ್ಷಿಣಕ್ಕೆ ದೇಸೂರು, ಇದಲಹೊಂಡ, ಖಾನಾಪುರಗಳ ಮೂಲಕ ಲೋಂಡಾ ಸೇರುತ್ತದೆ, ಉತ್ತರಕ್ಕೆ ಸಾಂಬ್ರಾ, ಸುಳೇಭಾವಿ, ಪಾಶ್ಚಾಪುರ, ಗೋಕಾಕ ರೋಡ್, ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ ಖುರ್ದ, ಶೇಡಬಾಳಗಳನ್ನು ದಾಟಿ ಮಿರಜ್ ಸೇರುತ್ತದೆ. ಈ ಸಾಲಿನ ಪ್ರತಿ ನಿಲ್ದಾಣಕ್ಕೂ ಮೂರು ಪರೀಕ್ಷೆ ಮಾಡಿ.

ಮೊದಲನೆಯದು ವೇಳೆಯ ಪರೀಕ್ಷೆ. ಬೆಳಿಗ್ಗೆ 7.30ರಿಂದ 9.30ರೊಳಗೆ ಬೆಳಗಾವಿ ತಲುಪುವ, ಸಂಜೆ 5.30ರಿಂದ 7.30ರೊಳಗೆ ಬೆಳಗಾವಿ ಬಿಡುವ ರೈಲು ಆ ನಿಲ್ದಾಣದಲ್ಲಿ ನಿಲ್ಲುತ್ತದೆಯೇ? ದಿನಕ್ಕೆ ಹತ್ತು ರೈಲು ನಿಂತರೂ ಇವೆರಡು ಇಲ್ಲದಿದ್ದರೆ ದುಡಿಯುವವರ ಪಾಲಿಗೆ ಅಲ್ಲಿ ರೈಲಿಲ್ಲ. ರಾತ್ರಿ ಓಡುವ ದೂರದ ಎಕ್ಸ್‌ಪ್ರೆಸ್ಸುಗಳನ್ನು ಎಣಿಸಿ ‘ಉತ್ತಮ ಸಂಪರ್ಕ’ ಎಂದು ಬರೆಯುವ ವರದಿಗಳು ಈ ತಪ್ಪನ್ನೇ ಮಾಡುತ್ತವೆ.

ಎರಡನೆಯದು ಮನೆಬಾಗಿಲಿನಿಂದ ಕೆಲಸದ ಬಾಗಿಲಿಗೆ ತಗಲುವ ಒಟ್ಟು ಸಮಯ. ಮನೆಯಿಂದ ನಿಲ್ದಾಣಕ್ಕೆ, ಅಲ್ಲಿ ಕಾಯುವುದಕ್ಕೆ, ರೈಲಿನೊಳಗೆ, ಬೆಳಗಾವಿ ನಿಲ್ದಾಣದಿಂದ ಕೆಲಸದ ಸ್ಥಳಕ್ಕೆ, ಹೀಗೆ ನಾಲ್ಕು ಭಾಗಗಳನ್ನೂ ಕೂಡಿಸಿ 75 ನಿಮಿಷದೊಳಗೆ ಬಂದರೆ ನಿತ್ಯದ ಓಡಾಟಕ್ಕೆ ಯೋಗ್ಯವೆಂದು ಹಿಡಿಯಬಹುದು. ಗೋಕಾಕ ರೋಡ್, ಚಿಕ್ಕೋಡಿ ರೋಡ್, ಅತ್ತ ಗದಗ ಹೋಟಗಿ ಮಾರ್ಗದ ಗುಳೇದಗುಡ್ಡ ರೋಡ್, ಬಸವನ ಬಾಗೇವಾಡಿ ರೋಡ್, ಇಂಡಿ ರೋಡ್ ನಿಲ್ದಾಣಗಳೆಲ್ಲ ಆಯಾ ಪಟ್ಟಣಗಳಿಂದ ಹಲವು ಕಿ.ಮೀ. ದೂರದಲ್ಲಿವೆ. ರೈಲಿನ ವೇಳೆಗೆ ಹೊಂದುವ ಬಸ್ಸೋ ಟಂಟಂ ಗಾಡಿಯೋ ಇಲ್ಲದಿದ್ದರೆ ಗೋಕಾಕದವನು ನೇರ ಬಸ್ಸನ್ನೇ ಹಿಡಿಯುತ್ತಾನೆ. ಇನ್ನೊಂದು ತುದಿಯಲ್ಲೂ ಇದೇ ಕಥೆ. ಖಾನಾಪುರದ ಕಡೆಯಿಂದ ಉದ್ಯಮಬಾಗ, ಮಚ್ಛೆಗಳಿಗೆ ಬರುವ ಕಾರ್ಮಿಕ ಬೆಳಗಾವಿ ನಿಲ್ದಾಣದವರೆಗೆ ಹೋಗಿ ಹಿಂದಿರುಗಬೇಕಾದರೆ ರೈಲಿನ ಲಾಭ ಕರಗಿಹೋಗುತ್ತದೆ. ದೇಸೂರಿನಲ್ಲಿ ಇಳಿದು ಕಾರ್ಖಾನೆಗೆ ತಲುಪುವ ವ್ಯವಸ್ಥೆ ಇದ್ದರೆ ಲೆಕ್ಕವೇ ಬೇರೆಯಾಗುತ್ತದೆ. ಈ ಸೀಮೆಯಲ್ಲಿ ಹೊಸ ಹಳಿಗಿಂತ ಮೊದಲು ಆಗಬೇಕಾದದ್ದು ಇಂಥ ಜೋಡಣೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಮೂರನೆಯದು ನಿಲ್ದಾಣದ ಸೆಳೆತದ ವ್ಯಾಪ್ತಿ. ನಡೆದು ಬರುವವರಿಗೆ 1.5 ಕಿ.ಮೀ., ಸೈಕಲ್ ಅಥವಾ ಬೈಕಿನಲ್ಲಿ ಬಂದು ನಿಲ್ಲಿಸಿ ಹೋಗುವವರಿಗೆ 5 ಕಿ.ಮೀ. ಎಂದು ಆರಂಭಿಸಿ, ಒಂದು ಬೆಳಿಗ್ಗೆ ನಿಲ್ದಾಣದಲ್ಲಿ ನಿಂತು ಹತ್ತುವವರ ಊರು ಕೇಳಿ ಈ ಅಳತೆಯನ್ನು ತಿದ್ದಿಕೊಳ್ಳಿ. ರಸ್ತೆಯ ದೂರವನ್ನು ಅಳೆಯಿರಿ, ನಕ್ಷೆಯ ನೇರ ಗೆರೆಯನ್ನಲ್ಲ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ರಸ್ತೆಗಳನ್ನು ಹಾಕಿಕೊಂಡು ಇದನ್ನು ಮಾಡಬಹುದು.

ಹಳಿಯಿಲ್ಲದ ದಿಕ್ಕನ್ನು ಮರೆಯುವುದು ಇನ್ನೂ ದೊಡ್ಡ ಅಪಾಯ. ಬೈಲಹೊಂಗಲ, ಸವದತ್ತಿ, ಕಿತ್ತೂರುಗಳಿಗೆ ರೈಲಿಲ್ಲ. ಬೆಳಗಾವಿಯಿಂದ ಧಾರವಾಡಕ್ಕೆ ಇಂದಿಗೂ ರೈಲು ಲೋಂಡಾ ಸುತ್ತಿಕೊಂಡು ಹೋಗುತ್ತದೆ. ಕಿತ್ತೂರು ಮಾರ್ಗವಾಗಿ ಸುಮಾರು 73 ಕಿ.ಮೀ.ಯ ನೇರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದೆ. ಹೆದ್ದಾರಿಯ ಈ ಸಾಲಿನ ಓಡಾಟವನ್ನು ಬಸ್ಸಿನ ಅಂಕಿಯಿಂದಲೇ ಅಳೆಯಬೇಕು.

ಹೆಜ್ಜೆ 7: ನಕ್ಷೆಯ ಆಕಾರವನ್ನು ಸರಿಪಡಿಸಿ

ಹೊಸ್ತಿಲು ದಾಟಿದ ಪಂಚಾಯಿತಿಗಳಿಗೆ ಬಣ್ಣ ಹಚ್ಚಿದಾಗ ನಕ್ಷೆ ಒಂದೇ ತುಂಡಾಗಿ ಬರುವುದಿಲ್ಲ. ಸುತ್ತಲೂ ಒಳಗಿದ್ದು ನಡುವೆ ಒಂದು ಪಂಚಾಯಿತಿ ಹೊರಗುಳಿದಿದ್ದರೆ ಅದನ್ನು ಒಳಗೆ ಸೇರಿಸಿ, ದೂರದಲ್ಲಿ ಒಂಟಿಯಾಗಿ ಬಿದ್ದ ಪಂಚಾಯಿತಿಯನ್ನು ಕೈಬಿಡಿ ಎಂಬುದು ಒಇಸಿಡಿ ಕ್ರಮದ ನಿಯಮ. ರೈಲಿರುವ ಕಡೆ ಎರಡನೆಯ ನಿಯಮ ಸ್ವಲ್ಪ ಅನ್ಯಾಯ ಮಾಡುತ್ತದೆ. ಎಕ್ಸ್‌ಪ್ರೆಸ್ ನಿಲ್ಲುವ ಘಟಪ್ರಭಾದಲ್ಲಿ ಹೋಗಿಬರುವವರು ಹೆಚ್ಚಿದ್ದು, ನಡುವಿನ ಸಣ್ಣ ನಿಲ್ದಾಣಗಳಲ್ಲಿ ಕಡಿಮೆ ಇರಬಹುದು. ಅಂಥ ಊರನ್ನು ಗಡಿಯೊಳಗೆ ಸೇರಿಸದೆ, ‘ರೈಲಿನಿಂದ ಜೋಡಿಸಿದ ಊರು’ ಎಂಬ ಬೇರೆ ಗುರುತಿನಲ್ಲಿ ನಕ್ಷೆಯ ಮೇಲೆ ಉಳಿಸಿಕೊಳ್ಳುವುದು ಲೇಸು.

ರಾಜ್ಯದ ಗಡಿಯಲ್ಲಿ ನಿಲ್ಲಬೇಡಿ. ಚಂದಗಡ ತಾಲ್ಲೂಕಿನ ಶಿನ್ನೋಳಿ ಮಹಾರಾಷ್ಟ್ರದಲ್ಲಿದ್ದರೂ ಬೆಳಗಾವಿಗೆ ಹತ್ತಿರದ ಕೈಗಾರಿಕಾ ಸ್ಥಳ, ಎರಡೂ ಕಡೆಯಿಂದ ಓಡಾಟವಿದೆ. ಕರ್ನಾಟಕದ ಅಧಿಸೂಚನೆ ಅಲ್ಲಿಗೆ ತಲುಪಲಾರದು, ಆದರೆ ಅಂಕಿಅಂಶದ ನಕ್ಷೆ ತಲುಪಬೇಕು. ಗಡಿಯ ವಾದ ಏನೇ ಇರಲಿ, ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿಕೊಂಡು ಹೊರಡುವವರನ್ನು ಎಣಿಸುವುದರಲ್ಲಿ ಯಾವ ವಾದಕ್ಕೂ ಜಾಗವಿಲ್ಲ. ಆ ಬದಿಯ ಬಸ್ಸಿನ ಅಂಕಿಯನ್ನು ಮಹಾರಾಷ್ಟ್ರದ ಸಾರಿಗೆ ಸಂಸ್ಥೆಯಿಂದ ಕೇಳಿ.

ಹೆಜ್ಜೆ 8: ಬಾಗಲಕೋಟೆ ಮತ್ತು ವಿಜಯಪುರಗಳಿಗೆ ಕ್ರಮವನ್ನು ಹೊಂದಿಸಿಕೊಳ್ಳಿ

ಬೆಳಗಾವಿಯ ಅಳತೆಗೋಲನ್ನು ಹಾಗೆಯೇ ಇಲ್ಲಿಗೆ ತಂದರೆ ತಪ್ಪು ಫಲ ಬರುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗ ಮುಳುಗಡೆಯಾಗಿ, ಪುನರ್ವಸತಿಗಾಗಿ ನವನಗರ ಎದ್ದು ನಿಂತಿತು. 1997ರಲ್ಲಿ ಜಿಲ್ಲೆಯಾದ ಮೇಲೆ ಜಿಲ್ಲಾಮಟ್ಟದ ಕಚೇರಿಗಳು ನವನಗರದಲ್ಲೇ ನೆಲೆಯಾದವು. ಹಳೆಯ ಊರು, ವಿದ್ಯಾಗಿರಿ, ನವನಗರ ಮೂರನ್ನೂ ಸೇರಿಸಿ ಒಂದೇ ತಿರುಳೆಂದು ಹಿಡಿಯಬೇಕು, ಇಲ್ಲವಾದರೆ ಊರೊಳಗಿನ ಓಡಾಟವೇ ಹೊರಗಿನ ಓಡಾಟದಂತೆ ಕಾಣುತ್ತದೆ.

ಜಿಲ್ಲೆಯ ಪಶ್ಚಿಮ ಭಾಗದ ಸಮಸ್ಯೆ ಬೇರೆ. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರ, ಜಮಖಂಡಿ, ಮುಧೋಳಗಳ ನಡುವೆ ನೇಕಾರರು, ಸಕ್ಕರೆ ಕಾರ್ಖಾನೆಯವರು, ಬೆಲ್ಲದ ವ್ಯಾಪಾರದವರು ಅತ್ತಿಂದಿತ್ತ ಓಡಾಡುತ್ತಾರೆ. ಅಲ್ಲಿ ಒಂದೇ ತಿರುಳು ಎಂಬುದಿಲ್ಲ. ಇಂಥ ಕಡೆಗೆ ಬ್ರಿಟನ್ನಿನ ಕ್ರಮ ಹೆಚ್ಚು ಹೊಂದುತ್ತದೆ. ಅಲ್ಲಿ ತಿರುಳನ್ನು ಮೊದಲೇ ಆರಿಸುವುದಿಲ್ಲ. ಒಂದು ವಲಯದಲ್ಲಿ ವಾಸಿಸುವ ದುಡಿಯುವವರಲ್ಲಿ ಶೇ 75 ಜನ ಅದೇ ವಲಯದೊಳಗೆ ದುಡಿಯಬೇಕು, ಅಲ್ಲಿನ ಉದ್ಯೋಗಗಳಲ್ಲೂ ಶೇ 75 ಅದೇ ವಲಯದವರ ಕೈಯಲ್ಲಿರಬೇಕು. ದುಡಿಯುವವರು 25,000ಕ್ಕಿಂತ ಹೆಚ್ಚಿದ್ದರೆ ಶೇ 66.7 ಸಾಕು. ಅಕ್ಕಪಕ್ಕದ ಪಟ್ಟಣಗಳನ್ನು ಒಂದೊಂದಾಗಿ ಕೂಡಿಸುತ್ತಾ ಈ ಪ್ರಮಾಣ ತಲುಪುವವರೆಗೆ ಹೋಗಿ. ಬಾಗಲಕೋಟೆ ಕುಡಚಿ ನಡುವಿನ ಸುಮಾರು 142 ಕಿ.ಮೀ. ಮಾರ್ಗದಲ್ಲಿ ಬಾಗಲಕೋಟೆಯ ಕಡೆಯ ಒಂದು ಭಾಗದಲ್ಲಿ ಹಳಿ ಸಿದ್ಧವಾಗಿದೆ. ಪೂರ್ತಿ ಮಾರ್ಗ ತೆರೆದ ದಿನ ಈ ಪಟ್ಟಣಗಳ ಓಡಾಟ ಬಾಗಲಕೋಟೆಯ ಕಡೆ ವಾಲುತ್ತದೆಯೋ, ಕುಡಚಿಯ ಮೂಲಕ ಮಿರಜ್, ಬೆಳಗಾವಿಗಳ ಕಡೆ ವಾಲುತ್ತದೆಯೋ ಎಂಬುದನ್ನು ತಿಳಿಯಲು ಇಂದಿನ ಅಳತೆ ಕೈಯಲ್ಲಿರಬೇಕು.

ವಿಜಯಪುರದಲ್ಲಿ 2011ರಲ್ಲಿ ಸುಮಾರು 3.3 ಲಕ್ಷ ಜನರಿದ್ದರು. ಅದರ ತಿರುಳು ಸ್ಪಷ್ಟ, ತಿಕೋಟಾ, ಬಬಲೇಶ್ವರಗಳ ಕಡೆಯ ಹಳ್ಳಿಗಳ ಸೆಳೆತವೂ ಸ್ಪಷ್ಟ. ಉತ್ತರದಲ್ಲಿ ಇಂಡಿ ತಾಲ್ಲೂಕಿನ ಮೇಲೆ ಸೋಲಾಪುರದ ಸೆಳೆತವನ್ನೂ ಅಳೆಯಬೇಕು, ಹೆಚ್ಚು ಜನ ಯಾವ ಕಡೆ ಹೋಗುತ್ತಾರೋ ಆ ತಿರುಳಿಗೆ ಪಂಚಾಯಿತಿಯನ್ನು ಸೇರಿಸಬೇಕು. ದಕ್ಷಿಣದಲ್ಲಿ ಕೂಡಗಿಯ 2,400 ಮೆಗಾವಾಟ್ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ದುಡಿಯುವವರು ಎಲ್ಲಿಂದ ಬರುತ್ತಾರೆಂದು ಪ್ರತ್ಯೇಕವಾಗಿ ಕೇಳಿ, ಏಕೆಂದರೆ ಅದು ನಗರದಿಂದ ಹಳ್ಳಿಯ ಕಡೆಗೆ ಹೋಗುವ ಓಡಾಟ. ಕೃಷ್ಣೆಯ ಹಿನ್ನೀರಿನ ಆಚೀಚಿನ ಪಂಚಾಯಿತಿಗಳು ನಕ್ಷೆಯಲ್ಲಿ ತಾಗಿಕೊಂಡಂತೆ ಕಂಡರೂ ಕೊರ್ತಿ ಕೊಲ್ಹಾರದ ಸೇತುವೆಯನ್ನೋ ಆಲಮಟ್ಟಿಯ ದಾರಿಯನ್ನೋ ಸುತ್ತಬೇಕಾಗುತ್ತದೆ, ಆದ್ದರಿಂದ ಅಕ್ಕಪಕ್ಕ ಎಂಬುದನ್ನು ರಸ್ತೆಯ ಲೆಕ್ಕದಲ್ಲೇ ತೀರ್ಮಾನಿಸಿ.

ಹೆಜ್ಜೆ 9: ಎರಡು ನಗರಗಳನ್ನು ಒಂದೇ ಪ್ರದೇಶವೆನ್ನುವ ಮೊದಲು

ಬೆಳಗಾವಿ ಮತ್ತು ಧಾರವಾಡ ಹುಬ್ಬಳ್ಳಿಗಳನ್ನು ಸೇರಿಸಿ ಒಂದು ಮಹಾನಗರ ಪ್ರದೇಶವೆಂದು ಹೇಳಬಹುದೇ ಎಂದು ಕೇಳುವವರಿದ್ದಾರೆ. ಅಮೆರಿಕದ ಕ್ರಮದಲ್ಲಿ ಇದಕ್ಕೊಂದು ಪರೀಕ್ಷೆಯಿದೆ: ಚಿಕ್ಕ ಪ್ರದೇಶದಿಂದ ದೊಡ್ಡದಕ್ಕೆ ದುಡಿಯಲು ಹೋಗುವವರ ಶೇಕಡಾ ಪ್ರಮಾಣವನ್ನೂ, ಚಿಕ್ಕ ಪ್ರದೇಶದ ಉದ್ಯೋಗದಲ್ಲಿ ದೊಡ್ಡದರಿಂದ ಬರುವವರ ಶೇಕಡಾ ಪ್ರಮಾಣವನ್ನೂ ಕೂಡಿಸಿದಾಗ 15 ಆದರೆ ಎರಡನ್ನೂ ಜೋಡಿ ಪ್ರದೇಶವೆಂದು ಕರೆಯುತ್ತಾರೆ, ಆಗಲೂ ಒಂದೊಂದರ ಪ್ರತ್ಯೇಕ ಗುರುತು ಉಳಿಯುತ್ತದೆ. ನಡುವಿನ ಕಿತ್ತೂರಿನ ಪಂಚಾಯಿತಿಗಳು ಎರಡೂ ಕಡೆ ಹಂಚಿಹೋಗಿರುವುದರಿಂದ ಪರೀಕ್ಷೆ ಅಲ್ಲಿಂದಲೇ ಶುರುವಾಗಬೇಕು.

ಹೆಜ್ಜೆ 10: ನಕ್ಷೆಯನ್ನು ಊರಿನವರ ಮುಂದಿಟ್ಟು ಪರೀಕ್ಷಿಸಿ, ಮರು ಅಳತೆಯ ದಿನ ಗೊತ್ತುಮಾಡಿ

ಗ್ರಾಮಸಭೆಯಲ್ಲಿ ನಕ್ಷೆ ಹಾಸಿ ತೋರಿಸಿದರೆ, ಯಾವ ಬಸ್ಸು ಈಗ ನಿಂತುಹೋಗಿದೆ, ಯಾವ ಕಾರ್ಖಾನೆ ತನ್ನದೇ ವಾಹನ ಕಳಿಸುತ್ತದೆ ಎಂಬುದನ್ನು ಜನರೇ ಹೇಳುತ್ತಾರೆ. ಕಾರ್ಖಾನೆಯ ವಾಹನದಲ್ಲಿ ಹೋಗುವವರು ಟಿಕೆಟ್ಟಿನ ಅಂಕಿಯಲ್ಲೂ ಬೈಕಿನ ಅಂಕಿಯಲ್ಲೂ ಇರುವುದಿಲ್ಲ. ನಕ್ಷೆಯೊಂದಿಗೆ ಪಂಚಾಯಿತಿವಾರು ಕೋಷ್ಟಕ, ಬಳಸಿದ ಛೇದ, ಹೊಸ್ತಿಲು, ಸಮೀಕ್ಷೆಯ ತಿಂಗಳು ಮತ್ತು ಮಾದರಿಯ ಗಾತ್ರವನ್ನು ಪ್ರಕಟಿಸಿ. ಅದರ ಒಂದು ಪ್ರತಿಯನ್ನು ಜಿಲ್ಲಾ ಯೋಜನಾ ಸಮಿತಿಗೂ ರೈಲ್ವೆಯ ವಿಭಾಗೀಯ ಕಚೇರಿಗೂ ಸಲ್ಲಿಸಿ.

ಮರು ಅಳತೆಯನ್ನು ಐದು ವರ್ಷಕ್ಕೊಮ್ಮೆ ಮಾಡಿದರೆ ಸಾಕು, ಆದರೆ ಹೊಸ ರೈಲು ಮಾರ್ಗವೋ ಹೊಸ ಬೆಳಗಿನ ರೈಲೋ ಬಂದ ಕಡೆ ಒಂದು ವರ್ಷದ ನಂತರ ಅಷ್ಟು ಪಂಚಾಯಿತಿಗಳಲ್ಲಿ ಮಾತ್ರ ಮತ್ತೊಮ್ಮೆ ಅಳೆಯಿರಿ. ಹೋಲಿಸಲು ಮೊದಲಿನ ಅಂಕಿ ಬೇಕಾಗುವುದರಿಂದ, ಕಿತ್ತೂರಿನ ಸಾಲಿನಲ್ಲೂ ಬಾಗಲಕೋಟೆ ಕುಡಚಿ ಮಾರ್ಗದ ಲೋಕಾಪುರದಿಂದ ತೇರದಾಳದವರೆಗಿನ ಸಾಲಿನಲ್ಲೂ ಮೊದಲ ಸಮೀಕ್ಷೆ ಹಳಿ ಬೀಳುವ ಮುನ್ನವೇ, ಅಂದರೆ ಬರುವ ನುರಿಸುವ ಹಂಗಾಮಿನಲ್ಲಿ ಒಂದು ಸಲ ಮತ್ತು ಅದರ ಮುಂದಿನ ಮಳೆಗಾಲದಲ್ಲಿ ಇನ್ನೊಂದು ಸಲ, ಮುಗಿದಿರಬೇಕು.